ತಿಂಡಿ ಆದ ಮೇಲೆ ಒಂದು ಗುಳಿಗೆ

ರೊಟ್ಟಿ ಬಡಿಯುತ್ತಿದ್ದ ದೊಡ್ಡವ್ವ ಕೈ ನಿಲ್ಲಿಸಿ, "ಈ ಮನಿ ಯಾಕ ತಿರಗಾಕತ್ತೈತಿ?" ಎಂದಳು.

ಮನೆ ತಿರುಗುತ್ತಿರಲಿಲ್ಲ. ಅವಳ ಬಿಪಿ ಏರಿತ್ತು.

ದೊಡ್ಡವ್ವ ನನ್ನ ಅವ್ವನ ಅಕ್ಕ. ರಾಯಾಪುರದ ಮನೆಯಲ್ಲಿ ನಾವಿಬ್ಬರೇ. ಮೊದಲಾಗಿದ್ದರೆ ವಿದ್ಯಾನಗರದ ತನಕ ಹೋಗಿ ಆಸ್ಪತ್ರೆಯಲ್ಲಿ ಪಾಳಿ ಹಚ್ಚಬೇಕಿತ್ತು. ಇಡೀ ದಿನ ಹಾಳು, ಜೊತೆಗೆ ಬರುವ ನನ್ನ ರಜೆಯೂ ಹಾಳು ಎಂದು ಅವಳು ಇಷ್ಟು ವರ್ಷ ಬಿಪಿ ನೋಡಿಸಿಯೇ ಇರಲಿಲ್ಲ. ಈಗ ನಮ್ಮ ಓಣಿಯ ಹಳೆಯ ಗರಡಿಮನೆಯಲ್ಲೇ ಸರಕಾರಿ ಕ್ಲಿನಿಕ್ ಬಂದಿದೆ. ಹಿಟ್ಟಿನ ಕೈ ತೊಳೆದುಕೊಂಡು ಒಬ್ಬಳೇ ನಡೆದು ಹೋಗಿ ಗುಳಿಗೆ ತಂದಳು. ವಿಶ್ವವಿದ್ಯಾಲಯದಲ್ಲಿ ಓದಿದ ನನಗೆ ಪುಕ್ಕಟೆ ಗುಳಿಗೆಯ ಮೇಲೆ ಅನುಮಾನ. ಅವಳಿಗೆ ಇರಲಿಲ್ಲ.

ದಿನಾ ಕೆಲಸಕ್ಕೆ ಹೊರಡುವಾಗ "ಗುಳಿಗಿ?" ಎನ್ನುತ್ತಿದ್ದೆ.

"ನೆಪ್ಪೈತೋ ಯಪ್ಪಾ."

ಕೆಲವು ವಾರಗಳಾದವು. ಅವಳಿಗೆ ಮತ್ತೆ ತಲೆ ತಿರುಗಿತು. ಗುಳಿಗೆಯ ಸ್ಟ್ರಿಪ್ ತೆಗೆದು ನೋಡಿದೆ.

ತುಂಬಿಯೇ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಅವಳನ್ನು ಕೇಳುತ್ತಿದ್ದರು. ನಾನು ನನ್ನನ್ನೇ ಕೇಳಿಕೊಂಡೆ. ಇತ್ತೀಚೆಗೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಹೆಲ್ಮೆಟ್ ತಲೆಯ ಮೇಲಿಟ್ಟುಕೊಂಡೇ ಅದನ್ನು ಮನೆಯೆಲ್ಲ ಹುಡುಕಿದವನು ನಾನು. ಹಳೆಯ ಸ್ಟ್ರಿಪ್ ಮುಗಿದಿರಬೇಕು, ಹೊಸದನ್ನು ನಾನೇ ತಂದು ಮರೆತಿರಬೇಕು. ಹೀಗೆ ಯೋಚಿಸುತ್ತ ಯೋಚಿಸುತ್ತ, ಕ್ಲಿನಿಕ್ಕಿನ ಪಾಳಿಯಲ್ಲಿ ನಿಂತದ್ದು ಕೂಡ ನೆನಪಾಗತೊಡಗಿತು.

ಈ ಸಲ ಅವಳ ಜೊತೆ ನಾನೂ ಹೋದೆ. ಡಾಕ್ಟರು ಮೈಸೂರು ಕಡೆಯ ಹುಡುಗಿ. ಬಿಪಿ ನೋಡಿ ಅವರ ಮುಖ ಗಂಭೀರವಾಯಿತು.

"ಮಾತ್ರೆಗೆ ಇಳೀತಾ ಇಲ್ಲ. ಹೀಗೇ ಬಿಟ್ರೆ ಸ್ಟ್ರೋಕ್ ಆಗಬಹುದು. ದೊಡ್ಡಾಸ್ಪತ್ರೆಗೆ ರೆಫರ್ ಮಾಡ್ತೀನಿ."

"ನಾ ಎಲ್ಲಿಗೂ ಹೋಗಾಕಿ ಅಲ್ಲ" ಎಂದಳು ದೊಡ್ಡವ್ವ.

"ತಿಂಡಿ ಆದ್ಮೇಲೆ ಒಂದು ಮಾತ್ರೆ ಅಂದಿದ್ದೆ ಅಲ್ವಾ ಅಜ್ಜಿ? ತಗೊಂಡ್ರಾ?"

"ತಿಂಡಿ ಆದ್ರ ತಗೋತಿದ್ನಿರಿ. ಆಗಬೇಕಲ್ಲ?"

"ಬೆಳಿಗ್ಗೆ ಏನೂ ತಿನ್ನಲ್ವಾ?"

"ಎರಡು ರೊಟ್ಟಿ ತಿಂತೇನ್ರಿ. ತಿಂಡಿ ಮಾತ್ರ ಒಂದಿನಾನೂ ಆಗಿಲ್ಲ. ಹ್ವಾದ ಬ್ಯಾಸಗ್ಯಾಗ ಬೆನ್ನಿಗಿ ಆಗಿತ್ತು ನೋಡ್ರಿ."

ನಮ್ಮ ಕಡೆ ತಿಂಡಿ ಎಂದರೆ ತುರಿಕೆ.

ನಾನು ಬಿಡಿಸಿ ಹೇಳಿದೆ. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು, "ಅಯ್ಯೋ, ಇಲ್ಲಿ ಎಲ್ಲರಿಗೂ ಹೀಗೇ ಹೇಳಿದ್ದೀನಿ" ಎನ್ನುತ್ತ ಎದ್ದು, ಹೊರಗೆ ಬೆಂಚಿನ ಮೇಲೆ ಕೂತಿದ್ದವರನ್ನೆಲ್ಲ ವಿಚಾರಿಸಿದರು. ಗಿರಣಿಯ ಬಸಣ್ಣ ಎದೆಯುಬ್ಬಿಸಿ ಹೇಳಿದ: "ನಾ ಒಂದಿನಾನೂ ತಪ್ಪಿಸಿಲ್ರಿ. ನನಗ ತಿಂಡಿ ಭಾಳ."

"ಅದು ಓಣಿಗೇ ಗೊತ್ತೈತಿ ಬಿಡೋ" ಎಂದಳು ದೊಡ್ಡವ್ವ.

ಆಗ ಡಾಕ್ಟರೂ ನಕ್ಕರು. ರೆಫರ್ ಮಾಡುವುದನ್ನು ಸದ್ಯಕ್ಕೆ ತಡೆದು, ವಾರ ಬಿಟ್ಟು ಬರಲು ಹೇಳಿದರು. "ನಾಷ್ಟಾ ಆದ್ಮೇಲೆ ಮಾತ್ರೆ" ಎಂದವರು, ತಡೆದು, "ಗುಳಿಗೆ" ಎಂದು ತಿದ್ದಿಕೊಂಡರು.

ಬಿಪಿ ಇಳಿಯುತ್ತಿದೆ. ಪೂರ್ತಿ ಇಳಿದಿಲ್ಲ. ದೊಡ್ಡಾಸ್ಪತ್ರೆಯ ಮಾತು ಮತ್ತೆ ಬಂದಿಲ್ಲ. ದೊಡ್ಡವ್ವ ತನಗೆ ಬೇಕಾದಾಗ ಒಬ್ಬಳೇ ಗರಡಿಮನೆಗೆ ಹೋಗಿ ನೋಡಿಸಿಕೊಂಡು ಬರುತ್ತಾಳೆ, ಪಕ್ಕದ ಮನೆಗೆ ಹೋಗಿ ಬಂದಂತೆ. ನನ್ನ ನೆನಪೂ ಅಷ್ಟು ಕೆಟ್ಟಿಲ್ಲ ಅನ್ನಿಸುತ್ತದೆ. ಖಾತ್ರಿಯಿಲ್ಲ.

ನಿನ್ನೆ ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: "ನಾಷ್ಟಾ ಆತು, ಗುಳಿಗಿ ಆತು. ನೀ ಹುಡುಕೂ ಹೆಲ್ಮೆಟ್ ನಿನ್ನ ತಲಿ ಮ್ಯಾಲ ಐತಿ."

ತಲೆ ಮುಟ್ಟಿ ನೋಡಿದೆ. ಸ್ಟ್ರಿಪ್ಪನ್ನೂ ತೆಗೆದು ನೋಡಿದೆ.

ಅವಳು ಹೇಳಿದ್ದು ಎರಡೂ ಖರೇ.