ದೂರದ ವೀಡಿಯೊಗೆ ಊರಲ್ಲೇ ಜಾಗ ಮಾಡಿಕೊಡುವ ಪೆಟ್ಟಿಗೆ ಅಕ್ಕ

ಬೆಳಗಿನ ನಾಲ್ಕು ಗಂಟೆ. ಊರಿಗೆ ಇಂಟರ್ನೆಟ್ ಹಂಚುವ ಸಂಸ್ಥೆಯ ಕೋಣೆಯಲ್ಲಿ, ಫ್ಯಾನುಗಳ ಮೊರೆತದ ನಡುವೆ, ನಲವತ್ತು ದಾಟಿದ ಹೆಂಗಸೊಬ್ಬರು ಸ್ವೆಟರ್ ತೊಟ್ಟು ನೆಲದ ಮೇಲೆ ಕುಳಿತಿದ್ದಾರೆ. ಎದುರಿಗೆ ಇಪ್ಪತ್ತೆಂಟು ಕಿಲೋ ತೂಕದ ಪೆಟ್ಟಿಗೆ. ಅದರ ಹಸಿರು ದೀಪ ಮಿಣುಕತೊಡಗಿದಾಗ ಕೈಗಡಿಯಾರ ನೋಡಿ, "ಹ್ಞೂಂ, ತುಂಬ್ಕೋ ತಾಯಿ" ಎನ್ನುತ್ತಾರೆ. ಜೊತೆಯವರಿಗೆಲ್ಲ ಇವರು ಪೆಟ್ಟಿಗೆ ಅಕ್ಕ.

ಒಂದು ವೀಡಿಯೊವನ್ನು ಊರಿನ ಸಾವಿರ ಜನ ನೋಡಿದರೆ ಅದು ಎಂಟುನೂರು ಕಿಲೋಮೀಟರ್ ದೂರದಿಂದ ಸಾವಿರ ಸಲ ಬರಬೇಕು. ಊರಿಗಿರುವುದು ಒಂದೇ ಕೇಬಲ್. ಸಂಜೆಯಾದರೆ ಎಲ್ಲರ ಪರದೆಯಲ್ಲೂ ಚಕ್ರ ಸುತ್ತುವುದೇ ಸುತ್ತುವುದು. ಕ್ಯಾಶ್ ಸರ್ವರ್ ಎಂಬ ಈ ಪೆಟ್ಟಿಗೆ, ಜನ ಹೆಚ್ಚು ನೋಡುವ ವೀಡಿಯೊಗಳನ್ನು ಎಲ್ಲರೂ ಮಲಗಿರುವಾಗ ಒಮ್ಮೆ ತರಿಸಿಟ್ಟುಕೊಂಡು, ಕೇಳಿದವರಿಗೆಲ್ಲ ಊರೊಳಗಿಂದಲೇ ಬಡಿಸುತ್ತದೆ. ಒಂದು ಸಲ ತಂದದ್ದು ಸಾವಿರ ಮನೆಗೆ! ನೆನೆದರೆ ಮೈ ಜುಮ್ಮೆನ್ನುತ್ತದೆ.

ಗಂಡನ ಟಿವಿ ರಿಪೇರಿ ಅಂಗಡಿಯಲ್ಲಿ ಕೈ ಪಳಗಿಸಿಕೊಂಡ ಅಕ್ಕ, ಅಂಗಡಿ ಮುಚ್ಚಿದ ಮೇಲೆ ಹೊಟ್ಟೆಪಾಡಿಗೆ ಈ ಕೆಲಸ ಹಿಡಿದು ಊರೂರು ಸುತ್ತತೊಡಗಿದರು. ಹನ್ನೊಂದು ವರ್ಷದಲ್ಲಿ ನಲವತ್ಮೂರು ಪೆಟ್ಟಿಗೆ ಕೂರಿಸಿದ್ದಾರೆ. ಸೊಂಟ ಮಾತ್ರ ಮುಷ್ಕರ ಹೂಡಿದೆ. "ಗೇಟಲ್ಲಿ ಕೇಳ್ತಾರೆ, ಇಂಜಿನಿಯರ್ ಯಾವಾಗ ಬರ್ತಾರಮ್ಮ ಅಂತ. ಬಂದಾಯ್ತಪ್ಪಾ, ಪೆಟ್ಟಿಗೆ ಒಂದ್ಕಡೆ ಹಿಡ್ಕೋ ಅಂತೀನಿ."

ಹೋದ ವಾರ ಇಲ್ಲೇ ಎಡವಿದ್ದರು. ಪೆಟ್ಟಿಗೆಯ ಒಳಗಿನ ಗಡಿಯಾರ ಊರಿನ ಸಮಯಕ್ಕೆ ನಡೆಯುವುದಿಲ್ಲ, ಎಲ್ಲ ದೇಶಗಳಿಗೂ ಒಂದೇ ಆದ, ನಮಗಿಂತ ಐದೂವರೆ ಗಂಟೆ ಹಿಂದಿರುವ ಸಮಯಕ್ಕೆ ನಡೆಯುತ್ತದೆ. ಅವಸರದಲ್ಲಿ ಲೆಕ್ಕ ಬದಲಿಸದೆ, ತುಂಬಬೇಕಾದ ಹೊತ್ತು ನಾಲ್ಕು ಎಂದೇ ಬರೆದರು. ಜಾವದಲ್ಲಿ ತುಂಬಬೇಕಾದ ಪೆಟ್ಟಿಗೆ, ಬೆಳಗಿನ ಒಂಬತ್ತೂವರೆಗೆ, ಊರಿನ ನರ್ಸಿಂಗ್ ಶಾಲೆಯ ಎಂಬತ್ತು ಹುಡುಗಿಯರು ವೀಡಿಯೊ ಪಾಠಕ್ಕೆ ಕುಳಿತ ಹೊತ್ತಿಗೆ ತುಂಬತೊಡಗಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಪಾಠ ಅರ್ಧಕ್ಕೇ ನಿಂತಿತು. ಶಾಲೆಯ ಮೇಡಂ ಫೋನಿನಲ್ಲೇ ಬೆಂಕಿ ಕಾರಿದರು. ಇಂಟರ್ನೆಟ್ ಸಂಸ್ಥೆಯ ಯಜಮಾನರು ತಾವೇ ಪೆಟ್ಟಿಗೆಯ ವೈರು ಕಿತ್ತರು. "ದಾರಿ ಬಿಡಿಸೋಕೆ ತಂದಿದ್ದೇ ದಾರೀಲಿ ಅಡ್ಡ ಮಲಗಿದ್ರೆ ಹೆಂಗಮ್ಮ? ಇನ್ನೊಂದೇ ದಿನ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ವಾಪಸ್ ತಗೊಂಡು ಹೋಗಿ."

ಆ ದಿನ ಇವತ್ತು. ನಾಳೆ ಹುಡುಗಿಯರ ಪರೀಕ್ಷೆ; ಹಳೆಯ ಪಾಠಗಳನ್ನೆಲ್ಲ ಸಂಜೆ ಒಟ್ಟಿಗೆ ತೆರೆಯುತ್ತಾರೆ. "ತಪ್ಪು ನಂದೇ. ಅದಕ್ಕೇ ಗಡಿಯಾರ ನಂಬದೆ ನಾನೇ ಬಂದು ಕೂತೆ" ಎನ್ನುತ್ತಾರೆ ಅಕ್ಕ.

ರಾತ್ರಿ ಎಂಟು. ಯಜಮಾನರು ಕೈಕಟ್ಟಿ ಪರದೆಯ ಮುಂದೆ ನಿಂತಿದ್ದಾರೆ. ಊರು ನೋಡುತ್ತಿರುವ ನೂರು ವೀಡಿಯೊಗಳಲ್ಲಿ ಎಂಬತ್ತಾರು ಪೆಟ್ಟಿಗೆಯಿಂದಲೇ ಹೋಗುತ್ತಿವೆ. ಹೊರಗಿನ ಕೇಬಲ್ ಮುಕ್ಕಾಲುಪಾಲು ಖಾಲಿ. ಅವರು ತಮ್ಮ ಕುರ್ಚಿಯನ್ನು ಅಕ್ಕನತ್ತ ಎಳೆದುಕೊಡುತ್ತಾರೆ.

ಅಕ್ಕನಿಗೆ ಇನ್ನೂ ಸಮಾಧಾನವಿಲ್ಲ. ಶಾಲೆಗೆ ಫೋನ್ ಮಾಡುತ್ತಾರೆ. "ಮೇಡಂ, ಪಾಠ ಎಲ್ಲಾದ್ರೂ ನಿಲ್ತಿದೆಯಾ?"

"ಇಲ್ವಲ್ಲ, ಚೆನ್ನಾಗೇ ಬರ್ತಿದೆ. ಯಾಕೆ? ಯಾರು ಮಾತಾಡ್ತಿರೋದು?"

"ಯಾರೂ ಇಲ್ಲ ಮೇಡಂ. ಮಕ್ಕಳು ಓದ್ಕೊಳ್ಳಲಿ" ಎಂದು ಅಕ್ಕ ಫೋನ್ ಇಡುತ್ತಾರೆ.