ಬರ್ನಬಾಸ ಮಾಸ್ತರರ ಏರು ಸ್ವರ

ಔರಾದ ತಾಲೂಕಿನ ಎಕಂಬಾದ ಬರ್ನಬಾಸ ಮಾಸ್ತರರು ನಿವೃತ್ತಿಗೆ ಬಹಳ ಮೊದಲೇ ಬೀದರಿನ ನೌಬಾದದಲ್ಲಿ ಮನೆ ಮಾಡಿದ್ದರು. ಮಿಶನ್ ಕಾಲದ ದೊರೆಸಾನಿಯೊಬ್ಬಳು ಚರ್ಚಿಗೆ ಬಿಟ್ಟುಹೋದ ಓಬೊ, ಅಂದರೆ ಶಹನಾಯಿಯಂತೆ ಪೀಪಿ ಕಚ್ಚಿ ಊದುವ ಕರಿಯ ವಾದ್ಯ, ಸಭೆಯಲ್ಲಿ ಅವರೊಬ್ಬರಿಗೇ ಬರುತ್ತಿತ್ತು. ಆ ಹೆಮ್ಮೆ ತಲೆಗೂ ಏರಿತ್ತು, ಸುಳ್ಳೇಕೆ ಹೇಳಲಿ!

ಇಪ್ಪತ್ತು ವರ್ಷದ ಹಿಂದೆ ಮೇವು ಕತ್ತರಿಸುವ ಯಂತ್ರ ಅವರ ಎಡಗೈಯ ಉಂಗುರ ಬೆರಳನ್ನು ನುಂಗಿತು. ಈಸ್ಟರ್ ಹಾಡಿನ ಏರು ಸ್ವರಕ್ಕೆ ಆ ಬೆರಳೇ ಬೇಕು. ಮಾಸ್ತರರು ಬಿಡಲಿಲ್ಲ, ಬೇರೆ ತೂತು ಮುಚ್ಚಿ, ಬೇರೆ ಕೀ ಒತ್ತಿ ಸ್ವರ ತೆಗೆದರು. ಅದು ತುಸು ಇಳಿದೇ ಬಂತು. ಸಭೆಯವರೂ ಅದಕ್ಕೇ ಗಂಟಲು ಹೊಂದಿಸಿಕೊಂಡರು.

ಈ ವರ್ಷ ಭಾಲ್ಕಿಯಿಂದ ಹೊಸ ಗಾಯನ ಮುಖಂಡ ಆಶೀಶ ಬಂದ, ಕೀಬೋರ್ಡಿನ ಸಮೇತ. ಎಲ್ಲರೆದುರೇ ಅಂದ: “ಮಾಸ್ತರ, ನಿಮ್ಮ ಸುರ ಇಳೀತದರಿ. ಈಸ್ಟರಕ್ಕ ಸರಿ ಮಾಡ್ಕೊಂಡು ಬರ್ರಿ. ಇಲ್ಲಾಂದ್ರ ಊದೂದು ಬಿಡ್ರಿ.”

ಮೂರು ತಿಂಗಳು ಮಾಸ್ತರರು ಉಳಿದ ಬೆರಳುಗಳನ್ನು ಹಿಂಡಿ ಹಿಪ್ಪೆ ಮಾಡಿದರು. ತುಟಿ ಒಡೆದು ರಕ್ತ ಬಂತು. ಕೊನೆಗೆ ಬಲಗೈಯ ಕಿರುಬೆರಳು ಸೇರಿಸಿದಾಗ ಸ್ವರ ಸರಿಯಾಗಿ ನಿಂತಿತು. ಮೊಬೈಲಿನಲ್ಲಿ ಅಳೆದೂ ನೋಡಿದರು. ಮಗುವಿನಂತೆ ಅತ್ತರು.

ಈಸ್ಟರ್ ದಿನ ಹಾಡಿನಲ್ಲಿ ಆ ಏರು ಸ್ವರದ ಜಾಗ ಬಂದಾಗ ಪರೀಕ್ಷಿಸಲೆಂದೇ ಆಶೀಶ ಕೀಬೋರ್ಡಿನಿಂದ ಕೈ ಎತ್ತಿದ. ಓಬೊ ತಪ್ಪಲಿಲ್ಲ. ಆದರೆ ಮುನ್ನೂರು ಗಂಟಲುಗಳು ರೂಢಿಯಂತೆ ಹಳೆಯ ಸ್ವರಕ್ಕೇ ಹೋದವು. ಎರಡೂ ತಿಕ್ಕಿ ಕರ್ಕಶವಾಯಿತು. ಎಲ್ಲರೂ ಮಾಸ್ತರರನ್ನೇ ತಿರುಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು.

ಪ್ರಾರ್ಥನೆ ಮುಗಿದ ಮೇಲೆ ಮಾಸ್ತರರು ಆಶೀಶನ ಕೈ ಹಿಡಿದರು.

“ನೀನರೆ ಹೇಳಪಾ, ಸುರ ಸರಿ ಇತ್ತಿಲ್ಲ?”

“ನಿಮ್ಮದಾ ಸರಿ ಇತ್ತರಿ.”

“ಹಂಗಾರ ಮಂದಿಗಿ ಒಂದ್ ಮಾತು ಹೇಳು.”

“ಮುನ್ನೂರು ಮಂದಿದೂ ತಪ್ಪು ಅನ್ಲೇನ್ರಿ? ಅವರಿಗಿ ಆ ಸುರ ಕಲಿಸಿದವರೂ ನೀವೇ. ವಾದ್ಯ ಇಲ್ಲೇ ಇಟ್ಟು ಹೋಗ್ರಿ.”

ಇಟ್ಟುಬಂದರು. ಮನೆಯಲ್ಲಿ ಹೆಂಡತಿ ರೆಬೆಕ್ಕಾ ಊಟಕ್ಕೆ ಬಡಿಸುತ್ತ ಕೇಳಿದಳು: “ಇಷ್ಟು ವರ್ಷ ತಪ್ಪಲಾರದ ಸುರ ಇವತ್ತಾ ಯಾಕ ತಪ್ಪಿತ್ರಿ? ಹೆಣ್ಮಕ್ಕಳ ನಡುವ ನನಗ ತಲಿ ಎತ್ತಲಿಕ್ಕಾಗಲಿಲ್ಲ.”

ಆ ಮುನ್ನೂರರಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ಅವಳದೇ. ಮಾಸ್ತರರು ಬಾಯಿ ತೆರೆದರು, ಅವಳ ಮುಖ ನೋಡಿ ತುತ್ತು ನುಂಗಿದರು.

“ವಯಸ್ಸಾಯ್ತು ನೋಡು,” ಅಂದರು.