ಗೋಡೆಯ ಚಿತ್ರದಲ್ಲಿ ಮಾವ ಇರಲಿಲ್ಲ

“ಎಂತ ಮಾರಾಯ್ರೆ, ಮಾವನನ್ನು ಬರೆಯುವುದು ಬಾಕಿ ಉಂಟಾ?”

ಕಾಪುವಿನಲ್ಲಿ ಆಸ್ಪತ್ರೆಯ ಗೋಡೆಗೆ ಕುಟುಂಬ ಯೋಜನೆಯ ಚಿತ್ರ ಬರೆಯುತ್ತಿದ್ದವರನ್ನು ನನ್ನ ಸೋದರಮಾವ ಕೇಳಿದರು. ಅಪ್ಪ, ಅಮ್ಮ, ಇಬ್ಬರು ಮಕ್ಕಳನ್ನು ಆಗಲೇ ಬರೆದಾಗಿತ್ತು. ಎಪ್ಪತ್ತರ ದಶಕದ ಮಾತು. ನಮ್ಮದು ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಮನೆ. ತಾವು ಮದುವೆಯಾಗದೆ, ತಂಗಿಯ ಮಕ್ಕಳಾದ ನಮ್ಮೈವರನ್ನು ಸಾಕಿದ ಮಾವನೇ ಯಜಮಾನರು.

“ಇಲ್ಲ, ಕುಟುಂಬ ಇಷ್ಟೇ,” ಎಂದರು ಚಿತ್ರ ಬರೆಯುವವರು. ನಾನು ನಕ್ಕುಬಿಟ್ಟೆ. ಮಾವ ನಗಲಿಲ್ಲ. ಯಾವಾಗಲೂ ನನ್ನ ಮುಂದೆ ನಡೆಯುತ್ತಿದ್ದವರು ಅಂದು ಮನೆಯವರೆಗೂ ಹಿಂದೆಯೇ ನಡೆದು ಬಂದರು.

ಮಾವ ತೀರಿಹೋದರು, ಆ ಗೋಡೆಗೆ ಸುಣ್ಣವೂ ಬಿತ್ತು. ಅಲ್ಲಿ ಹಾದುಹೋಗುವಾಗ ಈಗಲೂ ನನ್ನ ನಗು ನನಗೆ ಕೇಳಿಸುತ್ತದೆ. ಚಿತ್ರದಲ್ಲಿ ಅಮ್ಮನ ಪಕ್ಕ ಇನ್ನೊಬ್ಬರು ನಿಲ್ಲುವಷ್ಟು ಜಾಗವಿತ್ತು. ನಗುವ ಬದಲು ನಾನು ಅದನ್ನಾದರೂ ಹೇಳಬಹುದಿತ್ತು.